ಚಳಿಯಿಂದ ಸೆಕೆಗೆ ಹೊರಟ ವಿಡಿಯೊ ಕ್ಯಾಮೆರಾ: ತೇವ, ಫ್ಲಿಕರ್ ಮತ್ತು ಬ್ಯಾಟರಿಯ ಪ್ರಶ್ನೆಗಳು

ಓದುಗರ ಪ್ರಶ್ನೆ: ನಮ್ಮದು ವರ್ಷದಲ್ಲಿ ಐದಾರು ತಿಂಗಳು ಗೋಡೆಯೇ ಬೆವರುವಂಥ ತೇವದ ಊರು. ಹಳೆಯ ವಿಡಿಯೊ ಕ್ಯಾಮೆರಾದ ಲೆನ್ಸ್ ಒಳಗೆ ಜೇಡರ ಬಲೆಯಂಥ ಎಳೆಗಳು ಕಾಣಿಸಿಕೊಂಡು ಚಿತ್ರವೆಲ್ಲ ಮಸುಕಾಗಿದೆ. ಹೊಸ ಕ್ಯಾಮೆರಾ ಕೊಂಡಿದ್ದೇನೆ, ಇದಕ್ಕೂ ಅದೇ ಗತಿ ಬರಬಾರದು. ಅಕ್ಕಿಯ ಡಬ್ಬಿಯಲ್ಲಿಡಿ ಎನ್ನುವವರಿದ್ದಾರೆ, ವಾರಕ್ಕೊಮ್ಮೆ ಬಿಸಿಲಿಗೆ ಹಿಡಿಯಿರಿ ಎನ್ನುವವರೂ ಇದ್ದಾರೆ. ಜನವರಿಯಲ್ಲಿ ಟೊರಾಂಟೊದಲ್ಲಿರುವ ಮಗಳ ಮನೆಗೆ ಹೋಗಿ, ಬರುವಾಗ ಕೆಲವು ದಿನ ಸಿಂಗಪುರದಲ್ಲಿ ಇಳಿಯುತ್ತೇವೆ. ಹಿಮದಿಂದ ಒಳಗೆ ಬಂದ ಕೂಡಲೇ ಕ್ಯಾಮೆರಾ ಒದ್ದೆಯಾಗುತ್ತದಂತೆ, ನಿಜವೇ? ನನ್ನ ಕ್ಯಾಮೆರಾ 50 ಹರ್ಟ್ಜ್, 25 ಫ್ರೇಮ್‌ಗೆ ಸೆಟ್ ಆಗಿದೆ, ಅಲ್ಲಿಯ ದೀಪಗಳಲ್ಲಿ ಚಿತ್ರ ಮಿನುಗುತ್ತದೆಯೇ? ಚಾರ್ಜರ್‌ಗೆ ಕನ್ವರ್ಟರ್ ಬೇಕೇ? ಎಕ್ಸ್‌ರೇ ಯಂತ್ರದಲ್ಲಿ ಮೆಮೊರಿ ಕಾರ್ಡ್ ಅಳಿಸಿಹೋಗುತ್ತದೆಯೇ? ಹೆಚ್ಚುವರಿ ಬ್ಯಾಟರಿಗಳನ್ನು ವಿಮಾನದಲ್ಲಿ ಒಯ್ಯಬಹುದೇ?

ಉತ್ತರ: ತೇವದ ಬಗ್ಗೆ ನೀವು ಹೇಳಿರುವುದು ಎರಡು ಬೇರೆ ಬೇರೆ ತೊಂದರೆ. ಹಳೆಯ ಕ್ಯಾಮೆರಾಕ್ಕೆ ಆದದ್ದು ಫಂಗಸ್. ಅದು ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುವಂಥದ್ದು, ಕ್ಯಾಮೆರಾ ಬಳಸದೆ ಇಟ್ಟ ಕಾಲದಲ್ಲೇ ಹೆಚ್ಚು. ಹಿಮದಿಂದ ಒಳಗೆ ಬಂದಾಗ ಆಗುವುದು ನೀರು ಕಟ್ಟುವಿಕೆ. ಅದು ನಿಮಿಷದೊಳಗೆ ಆಗುತ್ತದೆ, ಬಳಸುವಾಗಲೇ ಆಗುತ್ತದೆ. ಮೊದಲನೆಯದಕ್ಕೆ ಮದ್ದು ಇಡುವ ಜಾಗದಲ್ಲಿದೆ, ಎರಡನೆಯದಕ್ಕೆ ಮದ್ದು ಕಾಯುವುದರಲ್ಲಿದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟುಬಿಟ್ಟರೆ ಎರಡೂ ಬಗೆಹರಿಯಿತು ಎಂದುಕೊಳ್ಳುವುದರಿಂದಲೇ ಬಹಳಷ್ಟು ಕ್ಯಾಮೆರಾಗಳು ಹಾಳಾಗುತ್ತವೆ.

ಫಂಗಸ್‌ನಿಂದ ಆರಂಭಿಸೋಣ. ಅದರ ಬೀಜಕಣ ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತದೆ, ಕಾರ್ಖಾನೆಯಿಂದ ಬಂದ ಹೊಸ ಲೆನ್ಸ್‌ನಲ್ಲೂ ಇರಬಹುದು. ತೇವಾಂಶ ಶೇ 65-70ಕ್ಕಿಂತ ಮೇಲೆ ಬಹಳ ದಿನ ನಿಂತಾಗ, ಕತ್ತಲೆಯಲ್ಲಿ, ಗಾಳಿಯಾಡದ ಜಾಗದಲ್ಲಿ ಅದು ಚಿಗುರುತ್ತದೆ. ಗಾಜಿನ ಮೇಲಿನ ಧೂಳು, ಬೆರಳಿನ ಜಿಡ್ಡು, ಒಳಗಿನ ಗ್ರೀಸಿನ ಆವಿ ಇವೇ ಅದಕ್ಕೆ ಆಹಾರ. ಬೆಳೆಯುತ್ತ ಆಮ್ಲ ಬಿಡುತ್ತದೆ, ಆ ಆಮ್ಲ ಲೆನ್ಸ್ ಮೇಲಿನ ತೆಳು ಲೇಪನವನ್ನು ಕೊರೆಯುತ್ತದೆ. ಹಾಗಾಗಿ ಬೇಗ ಕಂಡುಹಿಡಿದರೆ ಒರೆಸಿ ತೆಗೆಯಬಹುದು. ತಡವಾದರೆ ಫಂಗಸ್ ಹೋದ ಮೇಲೂ ಅದರ ಎಳೆಗಳ ಗುರುತು ಗಾಜಿನಲ್ಲಿ ಉಳಿಯುತ್ತದೆ, ಅದನ್ನು ಯಾವ ದ್ರಾವಣವೂ ಅಳಿಸದು.

ಒಂದು ಲೆನ್ಸ್‌ನ ಫಂಗಸ್ ಪಕ್ಕದ ಲೆನ್ಸ್‌ಗೆ ಹಬ್ಬುತ್ತದೆ ಎಂಬ ಭಯ ಬಹಳ ಜನರಿಗಿದೆ. ಹಳೆಯ ಕ್ಯಾಮೆರಾವನ್ನು ಹೊಸದರ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಅಷ್ಟು ಸಾಕು. ಆದರೆ ಡಬ್ಬಿಯ ತೇವಾಂಶ ಶೇ 50ರ ಒಳಗಿದ್ದರೆ ಪಕ್ಕದಲ್ಲಿ ಏನಿದ್ದರೂ ಹೊಸದಕ್ಕೆ ಹಿಡಿಯುವುದಿಲ್ಲ, ಶೇ 80 ಇದ್ದರೆ ಒಂಟಿಯಾಗಿಟ್ಟರೂ ಹಿಡಿಯುತ್ತದೆ.

ಅಕ್ಕಿಯ ಸಲಹೆಯನ್ನು ಬಿಟ್ಟುಬಿಡಿ. ಅಕ್ಕಿ ಅಲ್ಪಸ್ವಲ್ಪ ತೇವ ಹೀರುತ್ತದೆ ನಿಜ, ಆದರೆ ತೇವದ ಊರಿನ ಅಕ್ಕಿ ಆಗಲೇ ಹೀರಿಕೊಂಡು ಕೂತಿರುತ್ತದೆ. ಜೊತೆಗೆ ಅದರ ಹಿಟ್ಟಿನ ಪುಡಿ ಕಾರ್ಡ್ ಸ್ಲಾಟ್, ಮೈಕ್ ಜ್ಯಾಕ್, ಫ್ಯಾನಿನ ಜಾಲರಿಯೊಳಗೆ ಹೋಗಿ ಫಂಗಸ್‌ಗೆ ಇನ್ನಷ್ಟು ಆಹಾರ ಒದಗಿಸುತ್ತದೆ. ಬಿಸಿಲಿನದ್ದು ಅರ್ಧ ಸತ್ಯ. ನೇರಳಾತೀತ ಕಿರಣ ಫಂಗಸ್‌ಗೆ ಆಗದು, ಸರಿ. ಆದರೆ ಲೆನ್ಸ್‌ನ ಒಳಪದರಗಳಿಗೆ ಅದು ಪೂರ್ತಿ ತಲುಪುವುದಿಲ್ಲ. ಲೆನ್ಸ್ ಮೂಲಕ ನೇರ ಸೂರ್ಯ ಬಿದ್ದರೆ ಸೆನ್ಸರ್ ಸುಡಬಹುದು, ವ್ಯೂಫೈಂಡರ್ ಕಣ್ಣಿನ ಮೂಲಕ ಬಿದ್ದರೆ ಒಳಗಿನ ಪುಟ್ಟ ಪರದೆ ಕಲೆಗಟ್ಟುತ್ತದೆ. ಕಪ್ಪು ಬಣ್ಣದ ಬಾಡಿ ಬಿಸಿಲಿನಲ್ಲಿ ಬೇಗ ಕಾಯ್ದು ಬ್ಯಾಟರಿಗೂ ಅಂಟುಗಳಿಗೂ ಪೆಟ್ಟು. ಬಿಸಿಲಿನ ಬದಲು ಕ್ಯಾಮೆರಾವನ್ನು ವಾರಕ್ಕೊಮ್ಮೆ ಹತ್ತಿಪ್ಪತ್ತು ನಿಮಿಷ ಆನ್ ಮಾಡಿ, ಒಣ ಕೋಣೆಯಲ್ಲಿ ಝೂಮ್ ಹಿಂದೆ ಮುಂದೆ ಆಡಿಸಿ. ಒಳಗಿನ ಬಿಸಿಯೇ ತೇವವನ್ನು ಹೊರಗೆ ಅಟ್ಟುತ್ತದೆ.

ಇಡುವ ಜಾಗಕ್ಕೆ ಗುರಿ ಶೇ 40ರಿಂದ 50. ಒಂದಕ್ಕಿಂತ ಹೆಚ್ಚು ಕ್ಯಾಮೆರಾ, ಲೆನ್ಸ್ ಇದ್ದರೆ ವಿದ್ಯುತ್ ಡ್ರೈ ಕ್ಯಾಬಿನೆಟ್ (ಒಳಗಿನ ತೇವವನ್ನು ತಾನೇ ಹದದಲ್ಲಿಡುವ ಕಪಾಟು) ನಿಶ್ಚಿಂತೆಯ ದಾರಿ. ಒಂದೇ ಕ್ಯಾಮೆರಾಕ್ಕೆ ರಬ್ಬರ್ ಗ್ಯಾಸ್ಕೆಟ್ ಇರುವ, ನಾಲ್ಕೂ ಕಡೆ ಕ್ಲಿಪ್ ಬೀಳುವ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬಿ ಸಾಕು. ಸಿಲಿಕಾ ಜೆಲ್ ಎಷ್ಟು ಹಾಕಬೇಕು ಎಂದು ಲೆಕ್ಕ ಹಾಕಿದರೆ ನಿಮಗೆ ಆಶ್ಚರ್ಯವಾಗಬಹುದು. 30 ಡಿಗ್ರಿ ಸೆಲ್ಸಿಯಸ್, ಶೇ 80 ತೇವಾಂಶದ ಗಾಳಿಯಲ್ಲಿ ಒಂದು ಘನ ಮೀಟರಿಗೆ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. ಅಂದರೆ ಹತ್ತು ಲೀಟರಿನ ಡಬ್ಬಿಯ ಗಾಳಿಯಲ್ಲಿರುವುದು ಕಾಲು ಗ್ರಾಂಗೂ ಕಡಿಮೆ. ತೇವದ ನಿಜವಾದ ಗೋದಾಮು ಗಾಳಿಯಲ್ಲ, ಒಳಗೆ ನೀವು ತುರುಕುವ ಬಟ್ಟೆಯ ಚೀಲ, ಸ್ಪಂಜು, ಬೆಲ್ಟು, ರಟ್ಟಿನ ಪೆಟ್ಟಿಗೆ. ಆದ್ದರಿಂದ ಕ್ಯಾಮೆರಾವನ್ನು ಅದರ ಚೀಲದ ಸಮೇತ ಡಬ್ಬಿಯಲ್ಲಿ ಇಡಬೇಡಿ. ಬರೀ ಕ್ಯಾಮೆರಾ, 50 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ಡಿಜಿಟಲ್ ತೇವಮಾಪಕ, ಇಷ್ಟೇ ಇರಲಿ. ಮುಷ್ಟಿ ಮುಷ್ಟಿ ಜೆಲ್ ಸುರಿದರೆ ತೇವಾಂಶ ಶೇ 20ಕ್ಕೂ ಇಳಿದುಬಿಡುತ್ತದೆ. ಅಷ್ಟು ಒಣಗಿದ ಗಾಳಿ ತಿಂಗಳುಗಟ್ಟಲೆ ನಿಂತರೆ ರಬ್ಬರ್ ಹಿಡಿಕೆ, ಸೀಲುಗಳಿಗೆ ಒಳ್ಳೆಯದಲ್ಲ. ಮಾಪಕ ಶೇ 35ಕ್ಕಿಂತ ಕೆಳಗೆ ತೋರಿಸಿದರೆ ಅರ್ಧ ಜೆಲ್ ಹೊರಗೆ ತೆಗೆಯಿರಿ.

ಮಾಪಕವನ್ನೂ ಕಣ್ಣುಮುಚ್ಚಿ ನಂಬಬೇಡಿ, ಅಗ್ಗದವು ಐದಾರು ಅಂಕ ಆಚೀಚೆ ತೋರಿಸುವುದು ಮಾಮೂಲು. ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಸರಿನ ಹದಕ್ಕೆ ಬರುವಷ್ಟು ಮಾತ್ರ ನೀರು ಹನಿಸಿ. ಉಪ್ಪು ಕರಗಿ ನೀರಾಗಬಾರದು, ಒದ್ದೆ ಉಪ್ಪಾಗಿಯೇ ಉಳಿಯಬೇಕು. ಮುಚ್ಚಳವನ್ನೂ ಮಾಪಕವನ್ನೂ ಒಂದಕ್ಕೊಂದು ತಾಗದಂತೆ ಜಿಪ್ ಚೀಲದಲ್ಲಿಟ್ಟು ಮುಚ್ಚಿ, ತಾಪಮಾನ ಹೆಚ್ಚು ಬದಲಾಗದ ಜಾಗದಲ್ಲಿ ರಾತ್ರಿಯಿಡೀ ಬಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿ ಶೇ 75ಕ್ಕೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ಮಾಪಕ 70 ತೋರಿಸಿದರೆ ಅದು ಐದು ಕಡಿಮೆ ಹೇಳುತ್ತದೆ ಎಂದು ಅದರ ಬೆನ್ನಿಗೊಂದು ಚೀಟಿ ಅಂಟಿಸಿ.

ಸಿಲಿಕಾ ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದನ್ನು ಆರಿಸಿ, ತೇವ ತುಂಬಿದಾಗ ಅದು ಹಸಿರಿಗೆ ತಿರುಗುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ಆರೋಗ್ಯಕ್ಕೆ ಒಳ್ಳೆಯದಲ್ಲ. ಬಣ್ಣ ತಿರುಗಿದ ಕಾಳನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ ಓವನ್‌ನಲ್ಲಿ 110-120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಹೊಸದರಂತೆ ಆಗುತ್ತದೆ. ಪೊಟ್ಟಣದ ಸಮೇತ ಇಡಬೇಡಿ, ಪೊಟ್ಟಣ ಕರಗುತ್ತದೆ. ಕಾಯಿಸಿದ ಮೇಲೆ ಮುಚ್ಚಿದ ಗಾಜಿನ ಬಾಟಲಿಯಲ್ಲೇ ಆರಲು ಬಿಡಬೇಕು, ತೆರೆದು ಆರಿಸಿದರೆ ಆರುವಷ್ಟರಲ್ಲಿ ಮತ್ತೆ ತೇವ ಕುಡಿದಿರುತ್ತದೆ. ಬಟ್ಟೆ ಕಪಾಟಿಗೆ ಇಡುವ, ನೀರು ಸಂಗ್ರಹವಾಗುವ ಬಿಳಿ ಡಬ್ಬಿಗಳಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಅದು ತೇವ ಹೀರಿ ಉಪ್ಪುನೀರಾಗುತ್ತದೆ. ಒಮ್ಮೆ ಉರುಳಿದರೆ ಕ್ಯಾಮೆರಾ ಮುಗಿದಂತೆಯೇ, ಅದನ್ನು ಹತ್ತಿರವೂ ತರಬೇಡಿ.

ತಿಂಗಳಿಗೊಮ್ಮೆ ಟಾರ್ಚ್ ಪರೀಕ್ಷೆ ಮಾಡಿ. ಕತ್ತಲೆ ಕೋಣೆಯಲ್ಲಿ ಲೆನ್ಸ್ ಮುಚ್ಚಳ ತೆಗೆದು, ಐರಿಸ್ (ಬೆಳಕು ಒಳಗೆ ಬರುವ ಕಿಂಡಿ) ಪೂರ್ತಿ ತೆರೆದು, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ನೋಡಿ. ಬಿಡಿ ಬಿಡಿ ಚುಕ್ಕೆ ಧೂಳು, ಅದಕ್ಕೆ ಚಿಂತೆ ಬೇಡ. ಒಂದು ಬಿಂದುವಿನಿಂದ ಕವಲೊಡೆದ ಎಳೆ ಕಂಡರೆ ಫಂಗಸ್. ಹೊರಗಾಜಿನ ಮೇಲಿದ್ದರೆ ಲೆನ್ಸ್ ದ್ರಾವಣ ಮತ್ತು ಮೈಕ್ರೋಫೈಬರ್ ಬಟ್ಟೆಯಿಂದ ಹೋಗುತ್ತದೆ. ಒಳಗಿದ್ದರೆ ಸರ್ವಿಸ್‌ಗೇ ಕೊಡಬೇಕು. ನಿಮ್ಮ ಹಳೆಯ ಕ್ಯಾಮೆರಾದ ವಿಷಯಕ್ಕೆ ಬಂದರೆ, ಕ್ಯಾಮ್‌ಕಾರ್ಡರ್‌ನ ಝೂಮ್ ಘಟಕವನ್ನು ಬಿಚ್ಚಿ ಮತ್ತೆ ಸರಿಯಾಗಿ ಕೂರಿಸುವುದು ನಾಜೂಕಿನ, ಸಮಯ ಹಿಡಿಯುವ ಕೆಲಸ. ಚಿತ್ರವೆಲ್ಲ ಮಸುಕಾಗುವಷ್ಟು ಬೆಳೆದಿದ್ದರೆ ಲೇಪನವೂ ಹೋಗಿರುವ ಸಾಧ್ಯತೆ ಹೆಚ್ಚು. ಖರ್ಚಿನ ಅಂದಾಜನ್ನು ಮೊದಲೇ ಕೇಳಿ, ಆಮೇಲೆ ನಿರ್ಧರಿಸಿ.

ಈಗ ನಿಮ್ಮ ಪ್ರಯಾಣ. ಗಾಳಿಯಲ್ಲಿರುವ ನೀರಾವಿ ಎಷ್ಟು ಡಿಗ್ರಿಗೆ ತಣಿದರೆ ಹನಿಗಟ್ಟುತ್ತದೋ ಅದನ್ನು ಇಬ್ಬನಿ ಬಿಂದು ಎನ್ನುತ್ತಾರೆ. ನಿಮ್ಮ ಕ್ಯಾಮೆರಾದ ಮೈ ಅದಕ್ಕಿಂತ ತಣ್ಣಗಿದ್ದರೆ ನೀರು ಕಟ್ಟುತ್ತದೆ, ಬೆಚ್ಚಗಿದ್ದರೆ ಕಟ್ಟುವುದಿಲ್ಲ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುವುದೂ ಇದೇ ಕಾರಣಕ್ಕೆ. ಫೋನಿನ ಹವಾಮಾನ ಆ್ಯಪ್‌ಗಳಲ್ಲಿ ಈ ಅಂಕಿ ಸಿಗುತ್ತದೆ. ತೇವಾಂಶದ ಶೇಕಡಾವಾರಿಗಿಂತ ನಿಮಗೆ ಇದೇ ಹೆಚ್ಚು ಉಪಯೋಗ.

ಟೊರಾಂಟೊದ ಚಳಿಗಾಲದ ಮನೆಯೊಳಗೆ ಹೀಟರ್‌ನಿಂದಾಗಿ ಗಾಳಿ ಒಣಗಿರುತ್ತದೆ. 21 ಡಿಗ್ರಿ, ಶೇ 30 ತೇವಾಂಶ ಎಂದುಕೊಳ್ಳಿ. ಇಬ್ಬನಿ ಬಿಂದು ಸುಮಾರು 3 ಡಿಗ್ರಿ. ಇಷ್ಟು ಒಣಗಿದ ಮನೆಯಲ್ಲೂ, ಹೊರಗೆ ಮೈನಸ್ 10ರಲ್ಲಿ ಗಂಟೆಗಟ್ಟಲೆ ಇದ್ದು ಬಂದ ಕ್ಯಾಮೆರಾದ ಮೇಲೆ ಮೊದಲು ಮಂಜಿನ ಪದರ, ಆಮೇಲೆ ನೀರು ಕಟ್ಟುತ್ತದೆ. ಲೆನ್ಸ್ ಮೇಲಷ್ಟೇ ಅಲ್ಲ, ಕಾರ್ಡ್ ಸ್ಲಾಟ್, ಬ್ಯಾಟರಿ ಸಂಪರ್ಕ, ಒಳಗಿನ ಬೋರ್ಡ್ ಮೇಲೂ. ಅಡುಗೆಮನೆಯಲ್ಲಿ ನೀರು ಕುದಿಯುತ್ತಿದ್ದರೆ ಇನ್ನೂ ಜೋರು. ನೀವು ಕೇಳಿರುವುದು ಪೂರ್ತಿ ನಿಜ.

ಸಿಂಗಪುರದಲ್ಲಿ ಇದು ತಿರುವುಮುರುವು. ಅಲ್ಲಿ ವರ್ಷವಿಡೀ ಇಬ್ಬನಿ ಬಿಂದು 24 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೋಟೆಲ್ ಕೋಣೆಯ ಎಸಿ 20ಕ್ಕೆ ಇಟ್ಟು ಮಲಗಿ, ಬೆಳಿಗ್ಗೆ ಕ್ಯಾಮೆರಾ ಹಿಡಿದು ಹೊರಗೆ ಬಂದರೆ ಬಾಗಿಲು ದಾಟಿದ ಕೂಡಲೇ ಲೆನ್ಸ್ ಬೆಳ್ಳಗಾಗುತ್ತದೆ. ಹಿಮದಲ್ಲಿ ಜಾಗ್ರತೆಯಿಂದ ಇರುವವರು ಇಲ್ಲಿ ಎಡವುತ್ತಾರೆ, ಏಕೆಂದರೆ ಮೈಗೆ ಅದು ಚಳಿ ಎನಿಸುವುದೇ ಇಲ್ಲ.

ಎರಡಕ್ಕೂ ಉಪಾಯ ಒಂದೇ, ಮುಚ್ಚಿದ ಪ್ಲಾಸ್ಟಿಕ್ ಚೀಲ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದಿದ್ದರೆ ತಪ್ಪುವುದಿಲ್ಲ. ತೆರೆದಿಟ್ಟ ತಣ್ಣನೆ ಕ್ಯಾಮೆರಾಕ್ಕೆ ಕೋಣೆಯ ಗಾಳಿ ಹೊಸ ಹೊಸ ತೇವವನ್ನು ತಂದು ಸುರಿಯುತ್ತಲೇ ಇರುತ್ತದೆ. ಚೀಲದೊಳಗೆ ಸಿಕ್ಕಿರುವುದು ಒಂದಿಷ್ಟೇ ಗಾಳಿ, ಅದೂ ಹೊರಗಿನ ಒಣ ಗಾಳಿ. ಹಾಗಾಗಿ ನೀರು ಚೀಲದ ಹೊರಮೈಗೆ ಕಟ್ಟುತ್ತದೆ, ಕ್ಯಾಮೆರಾಕ್ಕಲ್ಲ. ಇದಕ್ಕೆ ಚೀಲವನ್ನು ತಣ್ಣನೆಯ ಜಾಗದಲ್ಲೇ ಮುಚ್ಚಬೇಕು, ಟೊರಾಂಟೊದಲ್ಲಿ ಹೊರಗಡೆಯ ಚಳಿಯಲ್ಲಿ, ಸಿಂಗಪುರದಲ್ಲಿ ಎಸಿ ಕೋಣೆಯಲ್ಲಿ. ಟೊರಾಂಟೊದಲ್ಲಿ ಮನೆಯೊಳಗೆ ಬಂದು ಮುಚ್ಚಿದರೆ ತೇವದ ಗಾಳಿಯನ್ನೇ ಒಳಗೆ ಕೂಡಿಹಾಕಿದಂತೆ.

ಹೊರಗೆ ಚಿತ್ರೀಕರಣ ಮುಗಿದ ಮೇಲೆ ಕ್ಯಾಮೆರಾ ಆಫ್ ಮಾಡಿ, ಹಿಮದ ಪುಡಿ ಇದ್ದರೆ ಬ್ರಷ್‌ನಿಂದ ಉದುರಿಸಿ. ಬಾಯಿಯಿಂದ ಊದಬೇಡಿ, ಉಸಿರಿನ ತೇವ ಗಾಜಿನ ಮೇಲೆ ಮಂಜಾಗಿ ಕೂರುತ್ತದೆ. ಬ್ಯಾಟರಿ ಮತ್ತು ಕಾರ್ಡ್ ಅಲ್ಲೇ ತೆಗೆದು ಜೇಬಿಗೆ ಹಾಕಿ. ಇದನ್ನು ಮರೆತವರು ಮನೆಗೆ ಬಂದ ಮೇಲೆ ದೃಶ್ಯ ನೋಡುವ ಆಸೆಗೆ ಚೀಲ ಬಿಚ್ಚಿಬಿಡುತ್ತಾರೆ. ಕ್ಯಾಮೆರಾವನ್ನು ದಪ್ಪ ಜಿಪ್ ಚೀಲದಲ್ಲಿಟ್ಟು, ಒಳಗಿನ ಗಾಳಿಯನ್ನು ಆದಷ್ಟು ಹಿಂಡಿ ಮುಚ್ಚಿ, ಅದನ್ನು ಕ್ಯಾಮೆರಾ ಬ್ಯಾಗಿನೊಳಗೆ ಹಾಕಿ ಬ್ಯಾಗಿನ ಜಿಪ್ ಎಳೆಯಿರಿ. ನಿಮ್ಮ ತೇವಮಾಪಕವನ್ನೂ ಜಿಪ್ ಚೀಲದಲ್ಲಿ ಪರದೆ ಹೊರಗೆ ಕಾಣುವಂತೆ ಇಟ್ಟರೆ ಒಳಗಿನ ತಾಪಮಾನ ಗೊತ್ತಾಗುತ್ತದೆ. ಮನೆಯಲ್ಲಿ ಹೀಟರ್ ಪಕ್ಕ ಇಡಬೇಡಿ, ಸುಮ್ಮನೆ ಒಂದು ಮೂಲೆಯಲ್ಲಿಡಿ. ಮಾಪಕ ಕೋಣೆಯ ತಾಪಮಾನ ತೋರಿಸಿದ ಮೇಲೂ ಅರ್ಧ ಗಂಟೆ ಬಿಡಿ, ಏಕೆಂದರೆ ಗಾಜು ಮತ್ತು ಲೋಹ ಗಾಳಿಗಿಂತ ನಿಧಾನವಾಗಿ ಬಿಸಿಯಾಗುತ್ತವೆ. 30 ಡಿಗ್ರಿ ಅಂತರವಿದ್ದರೆ ಎರಡು ಮೂರು ಗಂಟೆ ಬೇಕಾಗುತ್ತದೆ. ಸಿಂಗಪುರದ ಏಳೆಂಟು ಡಿಗ್ರಿ ಅಂತರಕ್ಕೆ ಮುಕ್ಕಾಲು ಗಂಟೆ ಸಾಕು. ಅಲ್ಲಿ ಇನ್ನೂ ಸುಲಭದ ದಾರಿಯೆಂದರೆ ಎಸಿಯನ್ನು 26ಕ್ಕೆ ಇಡುವುದು. ಆಗ ಕ್ಯಾಮೆರಾ ಇಬ್ಬನಿ ಬಿಂದುವಿಗಿಂತ ಬೆಚ್ಚಗೇ ಇರುತ್ತದೆ, ಕಾಯುವ ಕೆಲಸವೇ ಇಲ್ಲ.

ಕೆಲವೊಮ್ಮೆ ಸೆಕೆಯಿಂದ ಎಸಿ ಕೋಣೆಗೆ ಬಂದಾಗ ಲೆನ್ಸ್ ಒಳಗಡೆ ಮಂಜು ಕಾಣುತ್ತದೆ. ಒಳಗೆ ನೀರು ಹೋಯಿತೆಂದು ಗಾಬರಿಯಾಗಬೇಡಿ. ಕ್ಯಾಮೆರಾದೊಳಗಿನ 200 ಮಿಲಿಲೀಟರ್‌ನಷ್ಟು ಶೇ 80 ತೇವಾಂಶದ ಬಿಸಿ ಗಾಳಿ 30ರಿಂದ 20 ಡಿಗ್ರಿಗೆ ತಣಿದರೆ ಹೊರಬೀಳುವ ನೀರು ಒಂದೂವರೆ ಮಿಲಿಗ್ರಾಂ ದಾಟುವುದಿಲ್ಲ. ಆದರೆ ಒಂದು ಮಿಲಿಗ್ರಾಂ ನೀರು ಹತ್ತು ಚದರ ಸೆಂಟಿಮೀಟರ್ ಗಾಜನ್ನು ಮಂಜು ಮಾಡಲು ಸಾಕು. ಕ್ಯಾಮೆರಾ ಆಫ್ ಮಾಡಿ ಒಣ ಕೋಣೆಯಲ್ಲಿ ಬಿಟ್ಟರೆ ತಾನೇ ಹೋಗುತ್ತದೆ. ಒಂದು ದಿನ ಕಳೆದರೂ ಮಂಜು ಹೋಗದಿದ್ದರೆ, ಅಥವಾ ಹನಿಯಾಗಿ ಕಂಡರೆ, ಅದು ಹೊರಗಿನಿಂದ ಬಂದ ನೀರು.

ಹೇರ್ ಡ್ರೈಯರ್ ಬೇಡವೇ ಬೇಡ. ಅದು ತೇವವನ್ನು ಒಣಗಿಸುವ ಬದಲು ಬಿಸಿ ಆವಿಯಾಗಿ ಇನ್ನೂ ಒಳಗೆ ತಳ್ಳುತ್ತದೆ, ಲೆನ್ಸ್ ಪದರಗಳ ಅಂಟನ್ನು ಸಡಿಲಿಸುತ್ತದೆ. ಮಂಜು ಕಟ್ಟಿದ ಕ್ಯಾಮೆರಾವನ್ನು ಆನ್ ಮಾಡುವುದೂ ತಪ್ಪು. ಬರೀ ನೀರಿಗಿಂತ ನೀರಿನ ಜೊತೆ ವಿದ್ಯುತ್ ಸೇರಿದಾಗ ತಾಮ್ರದ ಗೆರೆಗಳು ಬಲುಬೇಗ ತುಕ್ಕು ಹಿಡಿಯುತ್ತವೆ. ಟೇಪ್ ಬಳಸುವ ಮಿನಿ ಡಿವಿ ಕ್ಯಾಮೆರಾ ಇಟ್ಟುಕೊಂಡವರಿಗೆ ಇಲ್ಲಿ ಒಂದು ಮಾತು. ಒದ್ದೆ ಡ್ರಮ್ಮಿಗೆ ಟೇಪು ಅಂಟಿ ಸುತ್ತಿಕೊಳ್ಳುತ್ತದೆಂದೇ ಅವುಗಳಲ್ಲಿ ಇಬ್ಬನಿ ಸೆನ್ಸರ್ ಇರುತ್ತದೆ. ಆ ಸೂಚನೆ ಬಂದರೆ ಕ್ಯಾಸೆಟ್ ತೆಗೆದು, ಬಾಗಿಲು ತೆರೆದಿಟ್ಟು, ಒಂದು ಗಂಟೆಯಾದರೂ ಬಿಡಬೇಕು.

ಮಳೆಯಲ್ಲಿ ನಿಜವಾಗಿ ನೆನೆದರೆ ಮೊದಲು ಬ್ಯಾಟರಿ ಎಳೆಯಿರಿ, ಆಫ್ ಬಟನ್ ಹುಡುಕುವುದು ಆಮೇಲೆ. ಕಾರ್ಡ್ ತೆಗೆದು, ಎಲ್ಲ ಮುಚ್ಚಳ ತೆರೆದು, ಹೊರಗಿನ ನೀರನ್ನು ಬಟ್ಟೆಗೆ ಹೀರಿಸಿ. ಒರೆಸಬೇಡಿ, ಒತ್ತಿ ತೆಗೆಯಿರಿ. ಝೂಮ್, ಗುಂಡಿ ಯಾವುದನ್ನೂ ಅಲುಗಿಸಬೇಡಿ. ತೆರೆದ ಸ್ಥಿತಿಯಲ್ಲೇ ಡಬ್ಬಿಯಲ್ಲಿ, ಈ ಸಲ 200-300 ಗ್ರಾಂ ಹೊಸ ಜೆಲ್ ಜೊತೆ, ಕನಿಷ್ಠ ಎರಡು ದಿನ ಬಿಡಿ. ಸಮುದ್ರದ ನೀರು ಬಿದ್ದಿದ್ದರೆ ಮಾತ್ರ ಈ ಕಾಯುವಿಕೆ ಬೇಡ, ಅದೇ ದಿನ ಸರ್ವಿಸ್‌ಗೆ ಒಯ್ಯಿರಿ. ಉಪ್ಪು ಒಣಗಿದ ಮೇಲೂ ಗಾಳಿಯ ತೇವ ಹೀರಿ ತನ್ನ ಕೆಲಸ ಮುಂದುವರಿಸುತ್ತದೆ. ಸಮುದ್ರದಂಡೆಯ ಗಾಳಿಯಲ್ಲಿ ಚಿತ್ರಿಸಿದ ದಿನ, ನೀರು ಬೀಳದಿದ್ದರೂ, ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಬಾಡಿಯನ್ನು ಒಮ್ಮೆ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಒರೆಸಿ.

ಕ್ಯಾಮೆರಾ ವೆದರ್ ಸೀಲ್ಡ್ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಮೈಮರೆಯಬೇಡಿ. ಐಪಿಎಕ್ಸ್4 ಎಂದು ಅಂಕಿ ಕೊಟ್ಟಿದ್ದರೆ ಸಿಡಿಯುವ ನೀರಿಗೆ, ಐಪಿಎಕ್ಸ್7 ಆದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆಗೆ ಪರೀಕ್ಷೆಯಾಗಿದೆ ಎಂದರ್ಥ, ಅದೂ ಸಿಹಿನೀರಿನಲ್ಲಿ. ಅಂಕಿಯೇ ಇಲ್ಲದ ಸೀಲಿಂಗ್ ಎಷ್ಟು ತಡೆಯುತ್ತದೆ ಎಂದು ತಯಾರಕರು ಮಾತು ಕೊಟ್ಟಿಲ್ಲ. ಎಚ್‌ಡಿಎಂಐ ಅಥವಾ ಮೈಕ್ ಕೇಬಲ್ ಚುಚ್ಚಲು ರಬ್ಬರ್ ಮುಚ್ಚಳ ತೆರೆದ ಕ್ಷಣದಿಂದ ಆ ಜಾಗಕ್ಕೆ ಸೀಲಿಂಗ್ ಇಲ್ಲ. ಹೊರಗೆ ಚಾಚಿಕೊಳ್ಳುವ ಝೂಮ್ ಪ್ರತಿ ಸಲವೂ ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ಮಳೆಯ ಕವರ್ ಹಾಕುವುದಾದರೆ ಕೆಳಗೆ ತೆರೆದಿರುವಂಥದ್ದು ಹಾಕಿ, ಫ್ಯಾನಿನ ಜಾಲರಿ ಮುಚ್ಚಬೇಡಿ. ಸಾಮಾನ್ಯ ಮಳೆಗೆ ಛತ್ರಿ ಹಿಡಿಯುವ ಒಬ್ಬರು ಜೊತೆಗಿದ್ದರೆ ಅದರಷ್ಟು ಒಳ್ಳೆಯ ಕವರ್ ಇನ್ನೊಂದಿಲ್ಲ.

ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ಮೈನಸ್ 20ರಲ್ಲಿ ಅರ್ಧದಷ್ಟು ಹೊತ್ತು ಬಂದರೆ ಹೆಚ್ಚು. ಅದು ಕೆಟ್ಟಿಲ್ಲ, ಒಳ ಅಂಗಿಯ ಜೇಬಿನಲ್ಲಿಟ್ಟು ಬೆಚ್ಚಗಾದ ಮೇಲೆ ಮತ್ತೆ ನಡೆಯುತ್ತದೆ. ಆದರೆ ಸೊನ್ನೆಗಿಂತ ಕೆಳಗಿರುವ ಬ್ಯಾಟರಿಯನ್ನು ಹಾಗೇ ಚಾರ್ಜ್‌ಗೆ ಹಾಕಬಾರದು, ಒಳಗೆ ಲಿಥಿಯಂ ಲೋಹವಾಗಿ ಕೂತು ಶಾಶ್ವತ ಹಾನಿಯಾಗುತ್ತದೆ.

ವಿದ್ಯುತ್ತಿನ ಪ್ರಶ್ನೆ ಸುಲಭದ್ದು. ಚಾರ್ಜರ್ ಹಿಂಬದಿಯಲ್ಲಿ ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಜ್ ಎಂದಿದ್ದರೆ ಕನ್ವರ್ಟರ್ ಬೇಡ. ಈಗಿನ ಕ್ಯಾಮೆರಾ ಚಾರ್ಜರ್‌ಗಳು ಬಹುಪಾಲು ಹಾಗೇ ಇರುತ್ತವೆ. ಪ್ರಯಾಣಕ್ಕೆಂದು ಮಾರುವ ಅಗ್ಗದ ಕನ್ವರ್ಟರ್‌ಗಳನ್ನು ಇಸ್ತ್ರಿಪೆಟ್ಟಿಗೆಯಂಥ ಬಿಸಿ ಮಾಡುವ ಸಾಧನಗಳಿಗಾಗಿ ಮಾಡಿರುತ್ತಾರೆ. ಅವು ಕೊಡುವ ಕತ್ತರಿಸಿದ ಅಲೆಯ ವಿದ್ಯುತ್ತು ಚಾರ್ಜರನ್ನು ಸುಡಬಹುದು. ನಿಮಗೆ ಬೇಕಿರುವುದು ಪಿನ್ ಹೊಂದಿಸುವ ಅಡಾಪ್ಟರ್ ಮಾತ್ರ. ಕೆನಡಾದಲ್ಲಿ 120 ವೋಲ್ಟ್, 60 ಹರ್ಟ್ಜ್, ಚಪ್ಪಟೆ ಎರಡು ಪಿನ್ನಿನ ಎ ಅಥವಾ ಅರ್ಥಿಂಗ್ ಇರುವ ಬಿ ಮಾದರಿ. ಸಿಂಗಪುರದಲ್ಲಿ 230 ವೋಲ್ಟ್, 50 ಹರ್ಟ್ಜ್, ಮೂರು ಆಯತಾಕಾರದ ಪಿನ್ನಿನ ಜಿ ಮಾದರಿ. ಕೆನಡಾದಲ್ಲಿ ಕೊಂಡ 120 ವೋಲ್ಟಿನ ಎಕ್ಸ್‌ಟೆನ್ಷನ್ ಬೋರ್ಡನ್ನು ಸಿಂಗಪುರದ 230ಕ್ಕೆ ಚುಚ್ಚಬೇಡಿ, ಒಳಗಿನ ವೋಲ್ಟೇಜ್ ಏರಿಕೆ ತಡೆಯುವ ಸರ್ಜ್ ಭಾಗ ಹೊತ್ತಿಕೊಳ್ಳುವ ಅಪಾಯವಿದೆ.

ಫ್ಲಿಕರ್, ಅಂದರೆ ದೀಪದಡಿ ಚಿತ್ರ ಮಿನುಗುವ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. 60 ಹರ್ಟ್ಜ್ ದೇಶಕ್ಕೆ ಹೋದರೆ ಕ್ಯಾಮೆರಾವನ್ನು ಎನ್‌ಟಿಎಸ್‌ಸಿಗೆ, ಅಂದರೆ 30 ಫ್ರೇಮ್‌ಗೆ ಬದಲಿಸಲೇಬೇಕು ಎನ್ನುತ್ತಾರೆ. ಬೇಕಿಲ್ಲ. ಫ್ಲಿಕರ್‌ಗೆ ಕಾರಣ ಫ್ರೇಮ್ ದರ ಅಲ್ಲ, ಷಟರ್, ಅಂದರೆ ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಅವಧಿ. 60 ಹರ್ಟ್ಜ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 120 ಸಲ ಏರಿಳಿಯುತ್ತದೆ. ಷಟರ್ ತೆರೆದಿರುವ ಹೊತ್ತಿನಲ್ಲಿ ಈ ಏರಿಳಿತ ಪೂರ್ಣ ಸಂಖ್ಯೆಯಲ್ಲಿ ಮುಗಿದರೆ ಪ್ರತಿ ಫ್ರೇಮ್‌ಗೂ ಸಮ ಬೆಳಕು ಬೀಳುತ್ತದೆ. 1/60 ಸೆಕೆಂಡ್ ಇಟ್ಟರೆ ಎರಡು ಏರಿಳಿತ, 1/40 ಇಟ್ಟರೆ ಮೂರು. ಎರಡೂ 25 ಫ್ರೇಮ್‌ನಲ್ಲಿ ಸಾಧ್ಯ. ನೀವು ಈಗ ಇಟ್ಟುಕೊಂಡಿರಬಹುದಾದ 1/50 ಮಾತ್ರ ಟೊರಾಂಟೊದಲ್ಲಿ ಕೈಕೊಡುತ್ತದೆ. ಕ್ಯಾಮೆರಾದಲ್ಲಿ ಷಟರನ್ನು ಕೋನದಲ್ಲಿ ಕೊಡುವುದಾದರೆ 25 ಫ್ರೇಮ್‌ಗೆ 150 ಡಿಗ್ರಿ ಎಂದರೆ 1/60. ಸಿಂಗಪುರಕ್ಕೆ ಬಂದ ಮೇಲೆ 1/50ಕ್ಕೆ, ಅಂದರೆ 180 ಡಿಗ್ರಿಗೆ ಮರಳಿ. ಆಟೋ ಷಟರ್ ಮಾತ್ರ ಇರುವ ಕ್ಯಾಮ್‌ಕಾರ್ಡರ್ ಆದರೆ ಮೆನುವಿನಲ್ಲಿ ಫ್ಲಿಕರ್ ತಡೆ ಎಂಬ ಆಯ್ಕೆಯನ್ನು 60 ಹರ್ಟ್ಜ್‌ಗೆ ಇಡಿ.

ನಿಧಾನಗತಿಯ ಚಿತ್ರೀಕರಣದಲ್ಲಿ ಒಂದು ಮಿತಿ ಇದೆ. 100 ಫ್ರೇಮ್‌ನಲ್ಲಿ ಕೆನಡಾದ ದೀಪಕ್ಕೆ 1/120 ಸರಿಹೋಗುತ್ತದೆ. ಆದರೆ 120 ಫ್ರೇಮ್‌ನಲ್ಲಿ 50 ಹರ್ಟ್ಜ್ ದೀಪದಡಿ ಏನು ಮಾಡಿದರೂ ಫ್ಲಿಕರ್ ಹೋಗದು, ಅದಕ್ಕೆ ಬೇಕಾದ 1/100 ಷಟರ್ ಒಂದು ಫ್ರೇಮಿನ ಅವಧಿಗಿಂತಲೂ ಉದ್ದ. ಅಂಥ ದೃಶ್ಯವನ್ನು ಹಗಲು ಬೆಳಕಿನಲ್ಲಿ ತೆಗೆಯಿರಿ. ಕೆಲವು ಎಲ್‌ಇಡಿ ದೀಪಗಳು ವಿದ್ಯುತ್ತಿನ ಲಯಕ್ಕೆ ಸಂಬಂಧವಿಲ್ಲದೆ ತಮ್ಮದೇ ವೇಗದಲ್ಲಿ ಮಿನುಗಿ ಅಡ್ಡಪಟ್ಟೆ ಮೂಡಿಸುತ್ತವೆ. ಹತ್ತು ಸೆಕೆಂಡ್ ಚಿತ್ರಿಸಿ, ಪರದೆಯಲ್ಲಿ ನೋಡಿ, ಷಟರನ್ನು ಒಂದೊಂದೇ ಹೆಜ್ಜೆ ನಿಧಾನಗೊಳಿಸುತ್ತ ಪಟ್ಟೆ ಮಾಯವಾಗುವ ಜಾಗ ಹುಡುಕಿ.

25 ಫ್ರೇಮ್‌ನಲ್ಲೇ ಉಳಿಯಿರಿ ಎಂದು ನಾನು ಹೇಳುವುದಕ್ಕೆ ಇನ್ನೂ ಎರಡು ಕಾರಣ. ಮನೆಯ ಹಳೆಯ ದೃಶ್ಯಗಳ ಜೊತೆ 30ರದ್ದನ್ನು ಸೇರಿಸಿ ಎಡಿಟ್ ಮಾಡಿದರೆ ಚಲನೆ ಕುಲುಕುತ್ತದೆ. ಜೊತೆಗೆ ಕೆಲವು ಕ್ಯಾಮೆರಾಗಳಲ್ಲಿ 25 ಫ್ರೇಮ್‌ನ ಪಾಲ್‌ನಿಂದ ಎನ್‌ಟಿಎಸ್‌ಸಿಗೆ ಬದಲಿಸಿದ ಕೂಡಲೇ ಕಾರ್ಡನ್ನು ಫಾರ್ಮ್ಯಾಟ್ ಮಾಡು ಎಂದು ಕೇಳುತ್ತದೆ. ಆತುರದಲ್ಲಿ ಒಪ್ಪಿಗೆ ಒತ್ತಿದರೆ ಅಲ್ಲಿಯವರೆಗೆ ತೆಗೆದದ್ದೆಲ್ಲ ಹೋಯಿತು. ಮಗಳ ಮನೆಯ ಟಿವಿಗೆ ಕ್ಯಾಮೆರಾವನ್ನು ನೇರ ಎಚ್‌ಡಿಎಂಐ ಮೂಲಕ ಜೋಡಿಸಿದಾಗ ಚಿತ್ರ ಬಾರದಿರಬಹುದು. ಉತ್ತರ ಅಮೆರಿಕದ ಅನೇಕ ಟಿವಿಗಳು 50 ಹರ್ಟ್ಜ್ ಸಿಗ್ನಲ್ ತೆಗೆದುಕೊಳ್ಳುವುದಿಲ್ಲ. ಕಂಪ್ಯೂಟರ್‌ಗೆ ಆ ಭೇದವಿಲ್ಲ, ಅದರಲ್ಲಿ ತೋರಿಸಿ. ಗಡಿಯಾರವನ್ನು ತಿದ್ದುವಾಗ ಗಂಟೆ ಬದಲಿಸುವ ಬದಲು ಪ್ರದೇಶ ಅಥವಾ ಟೈಮ್ ಝೋನ್ ಬದಲಿಸಿ, ಮರಳಿದ ಮೇಲೆ ಗೊಂದಲವಾಗುವುದಿಲ್ಲ.

ಎಕ್ಸ್‌ರೇಯಿಂದ ಮೆಮೊರಿ ಕಾರ್ಡ್‌ಗಾಗಲಿ ಸೆನ್ಸರ್‌ಗಾಗಲಿ ಏನೂ ಆಗುವುದಿಲ್ಲ. ಆ ಭಯ ಫಿಲ್ಮ್ ರೋಲ್ ಕಾಲದ್ದು, ಫಿಲ್ಮಿಗೆ ಅದು ಇಂದಿಗೂ ನಿಜ. ಬ್ಯಾಟರಿಯ ನಿಯಮ ಮಾತ್ರ ಕಟ್ಟುನಿಟ್ಟು. ಹೆಚ್ಚುವರಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ವ್ಯಾಟ್ ಅವರ್ ಸಿಗುತ್ತದೆ. 7.2 ವೋಲ್ಟ್, 3500 ಮಿಲಿ ಆಂಪಿಯರ್ ಅವರ್ ಬ್ಯಾಟರಿ ಎಂದರೆ ಸುಮಾರು 25. ನೂರರವರೆಗೆ ಯಾರ ಅನುಮತಿಯೂ ಬೇಡ, 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು ಮತ್ತು ಎರಡೇ ಒಯ್ಯಬಹುದು, ಅದಕ್ಕಿಂತ ದೊಡ್ಡದು ಪ್ರಯಾಣಿಕರಿಗೆ ಇಲ್ಲ. ಹಾಗಾಗಿ ಇಂಥ ಹೆಚ್ಚುವರಿ ಬ್ಯಾಟರಿಗಳಿಗೆ ತೊಂದರೆ ಇಲ್ಲ. ಅವುಗಳ ಲೋಹದ ಸಂಪರ್ಕಕ್ಕೆ ಟೇಪ್ ಅಂಟಿಸಿ, ಒಂದೊಂದನ್ನು ಬೇರೆ ಬೇರೆ ಚೀಲದಲ್ಲಿಡಿ. ಕ್ಯಾಮೆರಾವನ್ನೂ ಕೈಚೀಲದಲ್ಲೇ ಒಯ್ಯಿರಿ. ವಿಮಾನದ ಲಗೇಜ್ ಕೋಣೆ ತಣ್ಣಗಾಗುವುದರಿಂದ, ಅದರಲ್ಲಿ ಹಾಕಿದ್ದು ಸಿಂಗಪುರದಲ್ಲಿ ಇಳಿದ ಕೂಡಲೇ ತೆರೆದರೆ ಅಲ್ಲೇ ಬೆವರುತ್ತದೆ.

ಹೊರಡುವ ಮುನ್ನ ಕ್ಯಾಮೆರಾದ ರಸೀದಿಯ ಪ್ರತಿ ಮತ್ತು ಸೀರಿಯಲ್ ನಂಬರಿನ ಫೋಟೊ ಫೋನಿನಲ್ಲಿರಲಿ. ದುಬಾರಿ ಸಲಕರಣೆಯಾದರೆ ಹೊರಡುವ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ, ಇದು ಮೊದಲೇ ನಿಮ್ಮದು ಎಂಬುದಕ್ಕೆ ದಾಖಲೆ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಮರಳುವಾಗ ಹೊರಗೆ ಕೊಂಡದ್ದೆಂದು ಸುಂಕ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ವೃತ್ತಿಗಾಗಿ ಒಯ್ಯುವವರಿಗೆ, ಸುಂಕ ಕಟ್ಟದೆ ತಾತ್ಕಾಲಿಕವಾಗಿ ಸಲಕರಣೆ ಒಯ್ದು ತರಲು ಎಟಿಎ ಕಾರ್ನೆ ಎಂಬ ಪತ್ರವಿದೆ, ವಾಣಿಜ್ಯ ಸಂಘಗಳು ಕೊಡುತ್ತವೆ, ಅವಧಿ ಒಂದು ವರ್ಷ. ಮನೆಯವರನ್ನು ಚಿತ್ರಿಸಲು ಹೊರಟ ನಿಮಗೆ ಅದು ಬೇಡ. ವಾರಂಟಿ ಅಂತರರಾಷ್ಟ್ರೀಯವೋ ಕೊಂಡ ದೇಶಕ್ಕಷ್ಟೇ ಸೀಮಿತವೋ ಎಂಬುದನ್ನು ಕಾರ್ಡಿನಲ್ಲಿ ಓದಿಕೊಳ್ಳಿ. ಎರಡರಲ್ಲಿ ಯಾವುದೇ ಆಗಿರಲಿ, ನೀರಿನಿಂದಾದ ಹಾನಿಯನ್ನು ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಟ್ಟಿರುತ್ತಾರೆ. ಅದಕ್ಕೆ ರಕ್ಷಣೆ ಬೇಕೆಂದರೆ ಪ್ರಯಾಣ ವಿಮೆ ತೆಗೆದುಕೊಳ್ಳುವಾಗ ಎಲೆಕ್ಟ್ರಾನಿಕ್ ಸಾಧನದ ಮಿತಿ ಎಷ್ಟು, ದ್ರವದಿಂದಾಗುವ ಹಾನಿ ಸೇರಿದೆಯೇ ಎಂಬ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.